ಇನ್ಸುಲಿನ್ ನಿಲ್ಲಿಸಿದ ಬೆಕ್ಕಿನ ಶುಗರ್ ಏರಿದರೆ: ಕಾರಣ ಹುಡುಕುವ ಕೈಪಿಡಿ

ಡಾಕ್ಟರ್ ಇನ್ಸುಲಿನ್ ನಿಲ್ಲಿಸಿದ್ದಾರೆ. ಒಂದು ವಾರ ಎಲ್ಲ ಚೆನ್ನಾಗಿತ್ತು: 90, 104, 98. ಇವತ್ತು ಬೆಳಿಗ್ಗೆ ಮೀಟರ್ 214 ತೋರಿಸಿತು. ಕಾಯಿಲೆ ಮರಳಿತೇ?

ಈ ಒಂದು ಅಂಕಿ ನೋಡಿ ಹಾಗೆ ಹೇಳಲು ಆಗುವುದಿಲ್ಲ. ತಪ್ಪು ಸ್ಟ್ರಿಪ್‌ನಲ್ಲಿರಬಹುದು. ನೀವು ರಕ್ತ ತೆಗೆದ ರೀತಿಯಲ್ಲಿರಬಹುದು. ಬೆಕ್ಕಿನ ಗಾಬರಿಯಲ್ಲಿ, ರಾತ್ರಿ ಕದ್ದು ತಿಂದ ಡ್ರೈ ಫುಡ್‌ನಲ್ಲಿ, ಕೊಳೆಯುತ್ತಿರುವ ಒಂದು ಹಲ್ಲಿನಲ್ಲೂ ಇರಬಹುದು. ಕಾಯಿಲೆ ನಿಜವಾಗಿ ಮರಳಿರಲೂಬಹುದು. ಹಾಗಾಗಿ ಹುಡುಕುವ ಕ್ರಮ ಮುಖ್ಯ. ಕೆಲವು ನಿಮಿಷದಲ್ಲಿ ಪರೀಕ್ಷಿಸಬಹುದಾದ್ದನ್ನು ಮೊದಲು ನೋಡಿ. ಡಾಕ್ಟರ್, ಲ್ಯಾಬ್ ಬೇಕಾಗುವುದನ್ನು ಆಮೇಲೆ.

ಬೆಕ್ಕುಗಳ ಡಯಾಬಿಟಿಸ್ ಬಹುಮಟ್ಟಿಗೆ ಮನುಷ್ಯರ ಟೈಪ್ 2 ತರಹದ್ದು. ಶುಗರ್ ಬಹಳ ಕಾಲ ಏರಿಯೇ ಇದ್ದರೆ ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳು ಕೆಲಸ ನಿಲ್ಲಿಸುತ್ತವೆ. ಚಿಕಿತ್ಸೆಯಿಂದ ಶುಗರ್ ಇಳಿದಾಗ ಅವುಗಳಲ್ಲಿ ಒಂದಷ್ಟು ಚೇತರಿಸಿಕೊಳ್ಳುತ್ತವೆ. ಕೆಲವು ಬೆಕ್ಕುಗಳಿಗೆ ಆಮೇಲೆ ಹೊರಗಿನ ಇನ್ಸುಲಿನ್ ಬೇಕಾಗುವುದಿಲ್ಲ. ಇದೇ ರೆಮಿಷನ್. ಔಷಧಿಯೇ ಇಲ್ಲದೆ ಕನಿಷ್ಠ 4 ವಾರ ಶುಗರ್ ಸರಿಯಾಗಿ ನಿಂತರೆ ಮಾತ್ರ ಹಾಗೆ ಕರೆಯುವುದು ರೂಢಿ. ಅಲ್ಲಿಯವರೆಗೆ ಅದು ಇನ್ನೂ ಪರೀಕ್ಷೆಯ ಕಾಲ. ಅದರ ನಂತರವೂ ಸುಮಾರು ನಾಲ್ಕರಲ್ಲಿ ಒಂದು ಬೆಕ್ಕಿಗೆ ಕಾಯಿಲೆ ಮರಳುತ್ತದೆ. ಹಾಳಾದ ಜೀವಕೋಶಗಳೆಲ್ಲ ಹಿಂದಕ್ಕೆ ಬರುವುದಿಲ್ಲ, ಉಳಿದಷ್ಟರಲ್ಲೇ ಬೆಕ್ಕು ಸಂಭಾಳಿಸುತ್ತಿರುತ್ತದೆ.

ಇಲ್ಲಿನ ಅಂಕಿಗಳೆಲ್ಲ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿವೆ. ನಿಮ್ಮ ಮೀಟರ್ ಮಿಲಿಮೋಲ್ ತೋರಿಸುತ್ತಿದ್ದರೆ ಅದನ್ನು 18ರಿಂದ ಗುಣಿಸಿ.

ಮೀಟರ್‌ಗಿಂತ ಮೊದಲು ಬೆಕ್ಕನ್ನು ನೋಡಿ

ವಾಂತಿ ಆಗುತ್ತಿದೆಯಾ? ಊಟ ಬಿಟ್ಟಿದೆಯಾ? ಮಂಕಾಗಿ ಒಂದೇ ಕಡೆ ಬಿದ್ದಿದೆಯಾ? ಉಸಿರಾಟ ಜೋರಾಗಿದೆಯಾ? ಬಾಯಿಂದ ನೇಲ್ ಪಾಲಿಶ್ ರಿಮೂವರ್ ತರಹದ ವಾಸನೆ ಬರುತ್ತಿದೆಯಾ? ಇವುಗಳಲ್ಲಿ ಯಾವುದಿದ್ದರೂ ಮುಂದೆ ಓದಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಇದು ಕೀಟೋಅಸಿಡೋಸಿಸ್ ಆಗಿರಬಹುದು. ದೇಹಕ್ಕೆ ಸಕ್ಕರೆ ಬಳಸಲು ಆಗದೆ ಕೊಬ್ಬನ್ನು ಕರಗಿಸುತ್ತಾ ಹೋದಾಗ ಕೀಟೋನ್ ತುಂಬಿಕೊಂಡು ರಕ್ತ ಆಮ್ಲೀಯವಾಗುತ್ತದೆ. ಬೆಕ್ಕು ಬೇಗ ಸಾಯಬಹುದು.

ಮನೆಯಲ್ಲಿ ಕೀಟೋನ್ ಸ್ಟ್ರಿಪ್ ಇದ್ದರೆ ಮೂತ್ರ ಪರೀಕ್ಷಿಸಿ. ಮಂಕಾದ ಬೆಕ್ಕು, ಜೊತೆಗೆ ಕೀಟೋನ್ ಅಂದರೆ ರಾತ್ರಿಯಾದರೂ ಹೊರಡಬೇಕು. ಬೆಕ್ಕು ಚುರುಕಾಗಿಯೇ ಇದ್ದು ಸ್ವಲ್ಪ ಬಣ್ಣ ಕಂಡರೂ ಅದೇ ದಿನ ಡಾಕ್ಟರಿಗೆ ತಿಳಿಸಿ. ವಾಸನೆ ಗೊತ್ತಾಗಲಿಲ್ಲ ಎಂದು ಸಮಾಧಾನ ಪಡಬೇಡಿ. ಆ ವಾಸನೆ ಎಲ್ಲರ ಮೂಗಿಗೂ ಸಿಗುವುದಿಲ್ಲ. ಮೂತ್ರದ ಸ್ಟ್ರಿಪ್‌ಗೂ ಒಂದು ಮಿತಿ ಇದೆ. ಅದು ಅಸಿಟೋಅಸಿಟೇಟ್ ಅನ್ನು ಹಿಡಿಯುತ್ತದೆ. ಕೀಟೋನ್‌ಗಳಲ್ಲಿ ಹೆಚ್ಚಿನ ಪಾಲಾದ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ರಕ್ತದ ಕೀಟೋನ್ ಮೀಟರ್ ಬೇಕು.

ಇನ್ನೊಂದು ಮಾತು. ನೀರು ಕಳೆದುಕೊಂಡ ಬೆಕ್ಕಿನ ರಕ್ತ ಗಟ್ಟಿಯಾಗಿರುತ್ತದೆ. ಆಗ ಅನೇಕ ಮೀಟರ್‌ಗಳು ಇರುವುದಕ್ಕಿಂತ ಕಡಿಮೆ ತೋರಿಸುತ್ತವೆ. ಬೆಕ್ಕು ಸೊರಗಿ ಬಿದ್ದಿರುವಾಗ "ಶುಗರ್ 240 ಅಷ್ಟೇ ತಾನೇ" ಎಂದು ಕೂರಬೇಡಿ.

ಯಾವ ಅಂಕಿ ಸರಿ?

ಮೊದಲು ನಿಮ್ಮ ಮೀಟರ್ ಯಾವುದೆಂದು ತಿಳಿದಿರಲಿ. ಮನುಷ್ಯರ ರಕ್ತದಲ್ಲಿ ಸಕ್ಕರೆಯ 40 ಶೇಕಡಾಕ್ಕೂ ಹೆಚ್ಚು ಪಾಲು ಕೆಂಪು ರಕ್ತಕಣದೊಳಗೆ ಇರುತ್ತದೆ. ಬೆಕ್ಕಿನಲ್ಲಿ ಅದು ಸುಮಾರು 7 ಶೇಕಡಾ ಮಾತ್ರ, ಉಳಿದದ್ದೆಲ್ಲ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿ. ಮನುಷ್ಯರ ಲೆಕ್ಕಕ್ಕೆ ಹೊಂದಿಸಿದ ಮೀಟರ್‌ಗೆ ಬೆಕ್ಕಿನ ರಕ್ತ ಹಾಕಿದರೆ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಅಂಕಿ ಏರಿದಂತೆ ಈ ಅಂತರವೂ ಬೆಳೆಯುತ್ತದೆ.

ಪ್ರಾಣಿಗಳ ಮೀಟರ್‌ನಲ್ಲಿ ಆರೋಗ್ಯವಂತ ಬೆಕ್ಕು ಸುಮಾರು 70ರಿಂದ 150ರ ಒಳಗಿರುತ್ತದೆ. ಮನುಷ್ಯರ ಮೀಟರ್‌ನಲ್ಲಿ ಅದೇ ಬೆಕ್ಕು 50ರಿಂದ 120 ತೋರಿಸಬಹುದು. ಎರಡೂ ಕೆಲಸಕ್ಕೆ ಬರುತ್ತವೆ. ಆದರೆ ಸೋಮವಾರ ಒಂದು, ಗುರುವಾರ ಇನ್ನೊಂದು ಬಳಸಿದರೆ ನಿಮ್ಮ ಪುಸ್ತಕದ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಒಂದನ್ನು ಹಿಡಿದು ಅದರಲ್ಲೇ ಇರಿ. ಇನ್ಸುಲಿನ್ ಕೊಡುತ್ತಿದ್ದಾಗ ಬಳಸಿದ್ದೇ ಆದರೆ ಇನ್ನೂ ಒಳ್ಳೆಯದು, ಹಳೆಯ ಅಂಕಿಗಳ ಜೊತೆ ಹೋಲಿಸಬಹುದು.

ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ನಿಲ್ಲಿಸಿದ ಮೊದಲ ಒಂದೆರಡು ದಿನದ ಒಳ್ಳೆಯ ರೀಡಿಂಗ್ ನೋಡಿ ಕುಣಿಯಬೇಡಿ. ಅದರಲ್ಲಿ ಹಿಂದಿನ ಡೋಸಿನ ಪಾಲೂ ಇರಬಹುದು.

ಒಂದೇ ಒಂದು ರೀಡಿಂಗ್ ಏರಿದೆ

ಇಲ್ಲಿ ಮೊದಲ ಅನುಮಾನ ಸ್ಟ್ರಿಪ್ ಮೇಲೆ. ಡಬ್ಬಿ ಮುಚ್ಚಳ ಸಡಿಲ ಬಿಟ್ಟಿದ್ದಿರಾ? ಅಡುಗೆಮನೆಯ ಬಿಸಿಲು ಬೀಳುವ ಕಿಟಕಿ ಹತ್ತಿರ ಇಟ್ಟಿದ್ದಿರಾ? ಸ್ಟ್ರಿಪ್‌ಗಳಿಗೆ ತೇವ, ಬಿಸಿ ಎರಡೂ ಆಗದು. ಅವಧಿ ಮುಗಿದ ಡಬ್ಬಿಯನ್ನು ಉಳಿತಾಯದ ನೆಪದಲ್ಲಿ ಇಟ್ಟುಕೊಳ್ಳಬೇಡಿ. ಕೆಲವು ಮೀಟರ್‌ಗಳಲ್ಲಿ ಪ್ರತಿ ಡಬ್ಬಿಗೂ ಕೋಡ್ ಹಾಕಬೇಕು. ಪ್ರಾಣಿಗಳ ಮೀಟರ್‌ನಲ್ಲಿ ನಾಯಿಗೆ ಒಂದು, ಬೆಕ್ಕಿಗೆ ಒಂದು ಕೋಡ್ ಇರುವುದುಂಟು. ಹೊಸ ಡಬ್ಬಿ ತೆರೆದ ದಿನವೇ ಅಂಕಿ ಜಿಗಿದಿದ್ದರೆ ಬೇರೆಲ್ಲ ಬಿಟ್ಟು ಇದನ್ನೇ ನೋಡಿ.

ಕಂಟ್ರೋಲ್ ದ್ರಾವಣ ಅಂತ ಒಂದು ಚಿಕ್ಕ ಬಾಟಲಿ ಸಿಗುತ್ತದೆ. ಅದರ ಒಂದು ಹನಿ ಸ್ಟ್ರಿಪ್‌ಗೆ ಹಾಕಿದಾಗ ಬರುವ ಅಂಕಿ ಡಬ್ಬಿಯ ಮೇಲೆ ಬರೆದ ಮಿತಿಯೊಳಗೆ ಇರಬೇಕು. ಇಲ್ಲದಿದ್ದರೆ ತಪ್ಪು ಬೆಕ್ಕಿನದ್ದಲ್ಲ. ಈ ದ್ರಾವಣವೂ ತೆರೆದ ಮೇಲೆ ಸಾಮಾನ್ಯವಾಗಿ 3 ತಿಂಗಳಷ್ಟೇ ಬರುತ್ತದೆ, ತೆರೆದ ದಿನಾಂಕವನ್ನು ಅದರ ಮೇಲೆ ಬರೆದಿಡಿ.

ಆಮೇಲೆ ರಕ್ತದ ಹನಿ. ಕಿವಿಯ ಅಂಚಿನ ಸಣ್ಣ ರಕ್ತನಾಳದ ಬಳಿ ಚುಚ್ಚಬೇಕು. ಕಿವಿ ತಣ್ಣಗಿದ್ದರೆ ರಕ್ತ ಬರುವುದಿಲ್ಲ. ಆಗ ನಾವು ಹಿಂಡುತ್ತೇವೆ. ಜೋರಾಗಿ ಹಿಂಡಿದರೆ ರಕ್ತದ ಜೊತೆ ಅಂಗಾಂಶದ ನೀರೂ ಬಂದು ಅಂಕಿ ಕೆಡುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅರ್ಧ ನಿಮಿಷ ಕಿವಿಗೆ ಒತ್ತಿ ಹಿಡಿಯಿರಿ. ಹನಿ ತಾನಾಗಿಯೇ ಮೂಡುತ್ತದೆ. ರಕ್ತ ಕೂದಲಿಗೆ ಹರಡಿ ಹೋಗುತ್ತಿದ್ದರೆ ಚುಚ್ಚುವ ಜಾಗಕ್ಕೆ ವ್ಯಾಸಲೀನ್ ತೀರಾ ತೆಳ್ಳಗೆ ಸವರಿ, ಹನಿ ಗುಂಡಗೆ ನಿಲ್ಲುತ್ತದೆ. ಸ್ಪಿರಿಟ್ ಹಚ್ಚುವ ಅಭ್ಯಾಸ ಇದ್ದರೆ ಅದು ಪೂರ್ತಿ ಆರಿರಲಿ. ನಿಮ್ಮ ಬೆರಳೂ ಶುದ್ಧವಿರಲಿ. ಹಣ್ಣು ಹೆಚ್ಚಿದ ಕೈಯಲ್ಲಿ ಹನಿಯನ್ನು ಮುಟ್ಟಿದರೆ ಸಾಕು, ಅಂಕಿ ಎಲ್ಲಿಗೋ ಹೋಗುತ್ತದೆ.

ಹನಿ ಸಾಲದೇ ಹೋದರೆ ಕೆಲವು ಮೀಟರ್ ದೋಷ ಎಂದು ತೋರಿಸುತ್ತವೆ, ಕೆಲವು ಸುಮ್ನೆ ತಪ್ಪು ಅಂಕಿ ಕೊಡುತ್ತವೆ. ಅರ್ಧ ತುಂಬಿದ ಸ್ಟ್ರಿಪ್‌ನ ರೀಡಿಂಗ್ ಬರೆದುಕೊಳ್ಳಲೇಬೇಡಿ.

ಇಷ್ಟೆಲ್ಲ ಸರಿ ಇದ್ದರೂ ಮೀಟರ್ ಅಂದರೆ ಅಂದಾಜೇ. ಮನುಷ್ಯರ ಮೀಟರ್‌ಗಳಿಗಿರುವ ಐಎಸ್‌ಒ 15197 ಮಾನದಂಡ, ಅದರ 2013ರ ಆವೃತ್ತಿ, 100ಕ್ಕಿಂತ ಮೇಲಿನ ಅಂಕಿಗಳಲ್ಲಿ 15 ಶೇಕಡಾ ಹೆಚ್ಚುಕಡಿಮೆಯನ್ನು ಒಪ್ಪುತ್ತದೆ. ಅಂದರೆ ನಿಜವಾದ 150 ನಿಮಗೆ 128 ಎಂದೂ ಕಾಣಬಹುದು, 172 ಎಂದೂ ಕಾಣಬಹುದು. ನಿನ್ನೆ 131 ಇದ್ದದ್ದು ಇವತ್ತು 149 ಆಯಿತು ಎಂದು ನಿದ್ದೆಗೆಡುವವರು ಇದನ್ನು ನೆನಪಿಡಬೇಕು.

ಇನ್ನೊಂದನ್ನು ಅನೇಕರು ಮರೆಯುತ್ತಾರೆ. ರಕ್ತಹೀನತೆ ಇರುವ ಬೆಕ್ಕಿನಲ್ಲಿ ಬಹಳಷ್ಟು ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸುತ್ತವೆ. ವಯಸ್ಸಾದ, ಕಿಡ್ನಿ ಕಾಯಿಲೆಯ ಬೆಕ್ಕುಗಳಲ್ಲಿ ರಕ್ತಹೀನತೆ ಸಾಮಾನ್ಯ. ಮೀಟರ್ ಯಾವಾಗಲೂ 190 ಅನ್ನುತ್ತದೆ, ಲ್ಯಾಬ್ ಯಾವಾಗಲೂ 130 ಅನ್ನುತ್ತದೆ ಎಂದಾದರೆ ರಕ್ತಕಣಗಳ ಲೆಕ್ಕ ನೋಡಿಸಿ.

ಆಸ್ಪತ್ರೆಯಲ್ಲಿ 280, ಮನೆಯಲ್ಲಿ 120

ಇದು ಗಾಬರಿಯ ಶುಗರ್. ಬೆಕ್ಕಿಗೆ ಹೆದರಿಕೆಯಾದರೆ ಅಡ್ರಿನಲಿನ್ ನುಗ್ಗುತ್ತದೆ. ಒದ್ದಾಡಿದರೆ ಸ್ನಾಯುಗಳಲ್ಲಿ ಲ್ಯಾಕ್ಟೇಟ್ ಹುಟ್ಟುತ್ತದೆ. ಯಕೃತ್ತು ಅದನ್ನು ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತದೆ. ಕೆಲವೇ ನಿಮಿಷದಲ್ಲಿ ಶುಗರ್ ಮೇಲೇರುತ್ತದೆ, ಇಳಿಯಲು ಒಂದೂವರೆ ಗಂಟೆ ಅಥವಾ ಅದಕ್ಕೂ ಹೆಚ್ಚು ಬೇಕು. ಡಯಾಬಿಟಿಸ್ ಇಲ್ಲದ ಬೆಕ್ಕಿನಲ್ಲೂ ಹೀಗೆ 200 ದಾಟುವುದುಂಟು, ಕೆಲವೊಮ್ಮೆ 300 ಕೂಡ. ಹಾಗಾಗಿ ಆಸ್ಪತ್ರೆಯ ಒಂದು ರೀಡಿಂಗ್ ನೋಡಿ ಇನ್ಸುಲಿನ್ ಮತ್ತೆ ಶುರು ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಮನೆಯ ಅಂಕಿಗಳನ್ನು ಡಾಕ್ಟರಿಗೆ ತೋರಿಸಿ ಮಾತಾಡಿ. ಒಳ್ಳೆಯ ಡಾಕ್ಟರ್ ಅವನ್ನೇ ಕೇಳಿ ಪಡೆಯುತ್ತಾರೆ.

ಮನೆಯಲ್ಲೂ ಗಾಬರಿ ಆಗಬಹುದು. ಮಂಚದ ಕೆಳಗಿಂದ ಎಳೆದು, ಟವೆಲ್‌ನಲ್ಲಿ ಸುತ್ತಿ, ಐದು ಸಲ ಚುಚ್ಚಿ ತೆಗೆದ ಅಂಕಿ ಬೆಕ್ಕಿನ ಸಿಟ್ಟಿನ ಅಂಕಿ. ಅದರ ಪಕ್ಕದಲ್ಲಿ "ಒದ್ದಾಡಿತು" ಎಂದು ಬರೆದಿಡಿ. ಎರಡು ಗಂಟೆ ಅದನ್ನು ಅದರ ಪಾಡಿಗೆ ಬಿಟ್ಟು ನಂತರ ಮತ್ತೆ ನೋಡಿ. ಪರೀಕ್ಷೆ ಯಾವಾಗಲೂ ಒಂದೇ ಜಾಗದಲ್ಲಿ ಆಗಲಿ, ಮುಗಿದ ಕೂಡಲೇ ಒಂದು ತುಂಡು ಬೇಯಿಸಿದ ಮಾಂಸ ಸಿಗಲಿ. ಬೆಕ್ಕು ಬೇಗ ಒಪ್ಪಿಕೊಳ್ಳುತ್ತದೆ. ಕೆಲವು ತಾವೇ ಬಂದು ಕೂರುತ್ತವೆ, ಮಾಂಸದ ಆಸೆಗೆ.

ಗಾಬರಿಯೋ ಕಾಯಿಲೆಯೋ ಎಂದು ತಿಳಿಯಲು ಲ್ಯಾಬ್‌ನಲ್ಲಿ ಫ್ರಕ್ಟೋಸಮಿನ್ ಪರೀಕ್ಷೆ ಇದೆ. ಹಿಂದಿನ ಒಂದೆರಡು ವಾರ ಸರಾಸರಿ ಶುಗರ್ ಹೇಗಿತ್ತು ಎಂದು ಅದು ಹೇಳುತ್ತದೆ. ಅರ್ಧ ಗಂಟೆಯ ಭಯದಿಂದ ಅದು ಬದಲಾಗುವುದಿಲ್ಲ. ಆದರೆ ಥೈರಾಯ್ಡ್ ಜಾಸ್ತಿ ಇರುವ ಬೆಕ್ಕಿನಲ್ಲಿ, ರಕ್ತದ ಪ್ರೋಟೀನ್ ಕಡಿಮೆ ಇರುವ ಬೆಕ್ಕಿನಲ್ಲಿ ಫ್ರಕ್ಟೋಸಮಿನ್ ತಗ್ಗಿ ಕಾಣುತ್ತದೆ. ಶುಗರ್ ಈಚೆಗಷ್ಟೇ, ಅದೂ ಸ್ವಲ್ಪವೇ ಏರಿದ್ದರೂ ಇದು ಹಿಡಿಯದಿರಬಹುದು.

ಹಸಿದ ಹೊಟ್ಟೆಯಲ್ಲಿ ಸರಿ, ಊಟದ ಮೇಲೆ ಏರುತ್ತದೆ

ಆಹಾರ ನೋಡಿ. ಬೆಕ್ಕು ಮಾಂಸಾಹಾರಿ. ಒಟ್ಟಿಗೆ ಬರುವ ಹೆಚ್ಚು ಕಾರ್ಬ್ ಅನ್ನು (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) ಅದರ ದೇಹ ನಿಧಾನವಾಗಿ ಸಂಭಾಳಿಸುತ್ತದೆ. ಕಾರ್ಬ್ ಜಾಸ್ತಿ ಇರುವ ಊಟದ ನಂತರ ಶುಗರ್ ಏರಿ ಗಂಟೆಗಟ್ಟಲೆ ಅಲ್ಲೇ ನಿಲ್ಲಬಹುದು. ರೆಮಿಷನ್‌ನಲ್ಲಿರುವ ಬೆಕ್ಕಿಗೆ ಒಟ್ಟು ಕ್ಯಾಲೊರಿಯಲ್ಲಿ ಕಾರ್ಬ್‌ನ ಪಾಲು 10-12 ಶೇಕಡಾದ ಒಳಗಿರಲಿ ಎನ್ನುವುದು ಸಾಮಾನ್ಯ ಸಲಹೆ.

ಡಬ್ಬಿಯ ಮೇಲೆ ಕಾರ್ಬ್ ಎಷ್ಟೆಂದು ಬರೆದಿರುವುದು ಕಡಿಮೆ. ನಾವೇ ಲೆಕ್ಕ ಹಾಕಬೇಕು. ನೂರರಿಂದ ಪ್ರೋಟೀನ್, ಕೊಬ್ಬು, ತೇವಾಂಶ, ನಾರು, ಬೂದಿ (ಆಹಾರದ ಖನಿಜಾಂಶ) ಇವುಗಳ ಶೇಕಡಾ ಅಂಕಿಗಳನ್ನು ಕಳೆಯಿರಿ. ಉಳಿದದ್ದು ಕಾರ್ಬ್. ಒಂದು ಒದ್ದೆ ಆಹಾರದಲ್ಲಿ ಪ್ರೋಟೀನ್ 11, ಕೊಬ್ಬು 5, ತೇವಾಂಶ 79, ನಾರು 0.5, ಬೂದಿ 2 ಎಂದಿದ್ದರೆ ಕಾರ್ಬ್ 2.5. ಈಗ ಕ್ಯಾಲೊರಿ: ಪ್ರೋಟೀನ್ ಮತ್ತು ಕಾರ್ಬ್ ಅನ್ನು 3.5ರಿಂದ, ಕೊಬ್ಬನ್ನು 8.5ರಿಂದ ಗುಣಿಸಿ. ಒಟ್ಟು 89.75, ಅದರಲ್ಲಿ ಕಾರ್ಬಿನದ್ದು 8.75. ಹತ್ತು ಶೇಕಡಾದ ಹತ್ತಿರ ಬಂತು, ಪರವಾಗಿಲ್ಲ. ಒಂದು ಡ್ರೈ ಫುಡ್ ತೆಗೆದುಕೊಳ್ಳಿ: ಪ್ರೋಟೀನ್ 32, ಕೊಬ್ಬು 12, ತೇವಾಂಶ 10, ನಾರು 4, ಬೂದಿ 7. ಕಾರ್ಬ್ 35. ಕ್ಯಾಲೊರಿ ಲೆಕ್ಕದಲ್ಲಿ ಅದು 36 ಶೇಕಡಾ ದಾಟುತ್ತದೆ. ಚೀಲದ ಮೇಲೆ "ಧಾನ್ಯ ಇಲ್ಲ" ಎಂದು ದೊಡ್ಡದಾಗಿ ಬರೆದಿದ್ದರೆ ಮೋಸಹೋಗಬೇಡಿ. ಧಾನ್ಯದ ಜಾಗದಲ್ಲಿ ಆಲೂಗಡ್ಡೆಯೋ ಬಟಾಣಿಯೋ ಇರುತ್ತದೆ.

ನೀವು ಕೊಡುವ ಊಟ ಸರಿ ಇದ್ದರೆ, ನೀವು ಕೊಡದೆ ಅದು ತಿನ್ನುತ್ತಿರುವುದನ್ನು ಹುಡುಕಿ. ಮನೆಯ ಇನ್ನೊಂದು ಬೆಕ್ಕಿನ ಬಟ್ಟಲು, ಪಕ್ಕದ ಮನೆಯವರ ಪ್ರೀತಿ, ಮಕ್ಕಳು ಕೊಡುವ ತಿಂಡಿ, ಸಿಹಿ ಬೆರೆಸಿದ ಔಷಧಿ ಸಿರಪ್, ಹಿಟ್ಟು ಸೇರಿಸಿ ಗಟ್ಟಿ ಮಾಡಿದ ಗ್ರೇವಿ. "ನಾನೇನೂ ಕೊಟ್ಟಿಲ್ಲ" ಎಂದು ಮನೆಯವರೆಲ್ಲ ಹೇಳುವುದು ಮಾಮೂಲಿ. ಮೂರು ದಿನ ಬೆಕ್ಕನ್ನು ಒಂದೇ ಕೋಣೆಯಲ್ಲಿ, ಒಂದೇ ಬಟ್ಟಲಿನಿಂದ ತಿನ್ನಿಸಿ ನೋಡಿ. ಶುಗರ್ ಇಳಿದರೆ ಉತ್ತರ ಸಿಕ್ಕಿತು. ಯಾರು ಕೊಟ್ಟರು ಎನ್ನುವ ವಿಚಾರಣೆ ಬೇಡ.

ಆಹಾರ ಬದಲಿಸುವಾಗ ಹಸಿವಿಗೆ ಕೆಡವಿ ಒಪ್ಪಿಸುವ ಹಟ ಬೇಡ. ಬೆಕ್ಕು ಒಂದೆರಡು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯ ಇದೆ. ದಪ್ಪ ಬೆಕ್ಕಿಗೆ ಅದು ಇನ್ನೂ ಜಾಸ್ತಿ.

ನಿಧಾನವಾಗಿ, ಆದರೆ ಬಿಡದೆ ಏರುತ್ತಿದೆ

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಇದು. 105, 118, 126, 139, 151. ಯಾವ ಅಂಕಿಯೂ ಭಯ ಹುಟ್ಟಿಸುವುದಿಲ್ಲ. ಆದರೆ ಎಲ್ಲವೂ ಒಂದೇ ಕಡೆಗೆ ಹೋಗುತ್ತಿವೆ. ಒಮ್ಮೆ 214 ಬಂದು ಮಾರನೇ ದಿನ 102ಕ್ಕೆ ಇಳಿದ ಬೆಕ್ಕಿಗಿಂತ ಈ ಬೆಕ್ಕಿನ ಬಗ್ಗೆ ನನಗೆ ಹೆಚ್ಚು ಚಿಂತೆ. ಹಸಿದ ಹೊಟ್ಟೆಯ ಶುಗರ್ 135ರ ಆಚೆ ಹೋಗಿ ಅಲ್ಲೇ ನಿಂತರೆ ಕಾಯಿಲೆ ಮರಳುವ ಸಾಧ್ಯತೆ ಜಾಸ್ತಿ.

ಮೇದೋಜೀರಕ ಹೇಗೋ ಸಂಭಾಳಿಸುತ್ತಿತ್ತು. ಈಗ ಅದರ ಮೇಲೆ ಹೊಸ ಹೊರೆ ಬಿದ್ದಿದೆ. ಆ ಹೊರೆ ಯಾವುದು?

ಮೊದಲು ಔಷಧಿ. ಕಳೆದ ಒಂದೆರಡು ತಿಂಗಳಲ್ಲಿ ಸ್ಟೀರಾಯ್ಡ್ ಕೊಟ್ಟಿದ್ದಾರಾ? ಪ್ರೆಡ್ನಿಸೋಲೋನ್ ಮಾತ್ರೆಯನ್ನು ಎಲ್ಲರೂ ನೆನಪಿಟ್ಟುಕೊಂಡಿರುತ್ತಾರೆ. ತುರಿಕೆಗೆ ಅಂತ ಹಾಕಿಸಿದ ಒಂದು ಇಂಜೆಕ್ಷನ್ ಮರೆತುಹೋಗಿರುತ್ತದೆ. ಮೀಥೈಲ್‌ಪ್ರೆಡ್ನಿಸೋಲೋನ್‌ನ ನಿಧಾನ ಬಿಡುಗಡೆಯ ಇಂಜೆಕ್ಷನ್ ವಾರಗಟ್ಟಲೆ ಕೆಲಸ ಮಾಡುತ್ತದೆ. ಕಿವಿಯ ಡ್ರಾಪ್ಸ್, ಕಣ್ಣಿನ ಡ್ರಾಪ್ಸ್, ಚರ್ಮಕ್ಕೆ ಹಚ್ಚಿ ಬೆಕ್ಕು ನೆಕ್ಕಿಕೊಂಡ ಮುಲಾಮು, ಇವುಗಳಲ್ಲೂ ಸ್ಟೀರಾಯ್ಡ್ ಇರಬಹುದು. ಹೊಸ ಡಾಕ್ಟರ್ ಹತ್ತಿರ ಹೋದಾಗೆಲ್ಲ "ಇದಕ್ಕೆ ಡಯಾಬಿಟಿಸ್ ಇತ್ತು" ಎಂದು ಮೊದಲ ಮಾತಲ್ಲೇ ಹೇಳಿ. ಆದರೆ ಕೊಡುತ್ತಿರುವ ಸ್ಟೀರಾಯ್ಡ್ ಅನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬೇಡಿ, ಅದೂ ಅಪಾಯ.

ಎರಡನೆಯದು ಎಲ್ಲೋ ಇರುವ ಸೋಂಕು ಅಥವಾ ಉರಿಯೂತ. ಬಾಯಿ ತೆರೆದು ನೋಡಿ. ವಸಡು ಕೆಂಪಾಗಿದೆಯಾ? ಒಂದೇ ಬದಿಯಲ್ಲಿ ಅಗಿಯುತ್ತದೆಯಾ? ಜೊಲ್ಲು, ಕೆಟ್ಟ ವಾಸನೆ ಇದೆಯಾ? ಹಲ್ಲಿಗೆ ಚಿಕಿತ್ಸೆ ಮಾಡಿಸಿದ ಮೇಲೆ ಶುಗರ್ ತಾನಾಗಿ ಇಳಿದ ಬೆಕ್ಕುಗಳಿವೆ. ಮೂತ್ರದ ಸೋಂಕು ಡಯಾಬಿಟಿಸ್ ಬೆಕ್ಕುಗಳಲ್ಲಿ ಲಕ್ಷಣವೇ ಇಲ್ಲದೆ ಇರಬಹುದು, ಹಾಗಾಗಿ ಮೂತ್ರದ ಕಲ್ಚರ್ ಮಾಡಿಸುವುದು ಒಳ್ಳೆಯದು. ಮೇದೋಜೀರಕದ ಉರಿಯೂತ ಇನ್ನೂ ಕಳ್ಳ. ಬೆಕ್ಕು ವಾಂತಿ ಮಾಡದೇ ಇರಬಹುದು. ಸ್ವಲ್ಪ ಕಡಿಮೆ ತಿನ್ನುತ್ತದೆ, ಸ್ವಲ್ಪ ಜಾಸ್ತಿ ಅಡಗುತ್ತದೆ, ಅಷ್ಟೇ. ಅದಕ್ಕೆ ಬೆಕ್ಕಿನ ಮೇದೋಜೀರಕದ ಲೈಪೇಸ್ ಅಳೆಯುವ ರಕ್ತಪರೀಕ್ಷೆ ಇದೆ, ಸ್ಕ್ಯಾನಿಂಗ್ ಜೊತೆ ಸೇರಿಸಿ ಓದುತ್ತಾರೆ.

ಮೂರನೆಯದು ತೂಕ. ಇನ್ಸುಲಿನ್ ನಿಂತ ಸಂತೋಷಕ್ಕೆ ಬಟ್ಟಲು ದೊಡ್ಡದಾಗಿರುತ್ತದೆ. ಬೆಕ್ಕು ಒಂದು ಕಿಲೋ ದಪ್ಪವಾದರೆ ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಸುಮಾರು 30 ಶೇಕಡಾ ತಗ್ಗುತ್ತದೆ. ನಾಲ್ಕು ಕಿಲೋ ಬೆಕ್ಕಿಗೆ ಒಂದು ಕಿಲೋ ಸಣ್ಣ ಮಾತಲ್ಲ. ವಾರಕ್ಕೊಮ್ಮೆ ಮಗುವಿನ ತೂಕದ ಯಂತ್ರದಲ್ಲಿ ತೂಗಿ. ಬೆಕ್ಕನ್ನು ಎತ್ತಿಕೊಂಡು ನೀವು ತೂಕದ ಯಂತ್ರ ಹತ್ತುವ ವಿಧಾನದಲ್ಲಿ ನೂರಿನ್ನೂರು ಗ್ರಾಂ ವ್ಯತ್ಯಾಸ ಕಾಣುವುದೇ ಇಲ್ಲ. ತೂಕ ತಾನಾಗಿ ಇಳಿಯುತ್ತಿದ್ದರೂ ಎಚ್ಚರ. ಚೆನ್ನಾಗಿ ತಿಂದರೂ ಸೊರಗುತ್ತಿದೆ ಅಂದರೆ ಮೊದಲ ಅನುಮಾನ ಶುಗರ್ ಅಥವಾ ಥೈರಾಯ್ಡ್ ಮೇಲೆ.

ಕೊನೆಗೆ ಹಾರ್ಮೋನ್ ಕಾಯಿಲೆಗಳು. ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯಾಗಿ ಬೆಳವಣಿಗೆಯ ಹಾರ್ಮೋನ್ ಜಾಸ್ತಿಯಾದರೆ ಅಕ್ರೊಮೆಗಲಿ. ಶುಗರ್ ಕೆಟ್ಟಿದ್ದರೂ ತೂಕ ಏರುವುದು, ದವಡೆ, ಪಾದ ಅಗಲವಾಗುವುದು ಇದರ ಸುಳಿವು. ಐಜಿಎಫ್-1 ಎಂಬ ರಕ್ತಪರೀಕ್ಷೆಯಿಂದ ಶುರು ಮಾಡುತ್ತಾರೆ. ಇಂಥ ಬೆಕ್ಕು ರೆಮಿಷನ್‌ಗೆ ಬರುವುದೇ ಅಪರೂಪ, ಹಾಗಾಗಿ ಪಟ್ಟಿಯಲ್ಲಿ ಕೊನೆಗಿಟ್ಟಿದ್ದೇನೆ.

ಶುಗರ್ ಸರಿ ಇದೆ, ಆದರೂ ನೀರು ಜಾಸ್ತಿ ಕುಡಿಯುತ್ತದೆ

ಮೊದಲು ಅಳೆಯಿರಿ. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಉಳಿದದ್ದನ್ನು ಕಳೆಯಿರಿ. ದಿನಕ್ಕೆ ಕಿಲೋ ತೂಕಕ್ಕೆ 50 ಮಿಲಿ ದಾಟುತ್ತಿದ್ದರೆ ಗಮನಿಸಿ, 100 ದಾಟಿದರೆ ಅದು ಖಂಡಿತ ಅತಿಯಾಯಿತು. ಒದ್ದೆ ಆಹಾರ ತಿನ್ನುವ ಬೆಕ್ಕು ಇದಕ್ಕಿಂತ ತುಂಬಾ ಕಡಿಮೆ ಕುಡಿಯಬೇಕು. ಅಳತೆ ನಿಜವಾಗಿಯೂ ಜಾಸ್ತಿ ಇದ್ದು ಶುಗರ್ ಸರಿ ಇದ್ದರೆ ಕಿಡ್ನಿ, ಥೈರಾಯ್ಡ್ ನೋಡಿಸಿ. ಆದರೆ ಒಂದು ಪ್ರಶ್ನೆ: ನೀವು ಪ್ರತಿದಿನ ಒಂದೇ ಹೊತ್ತಲ್ಲಿ ಶುಗರ್ ನೋಡುತ್ತೀರಾ? ಬೆಳಿಗ್ಗೆ ಏಳಕ್ಕೆ ಸರಿ ಇರುವ ಶುಗರ್ ರಾತ್ರಿ ಹತ್ತಕ್ಕೆ ಸರಿ ಇರಬೇಕೆಂದಿಲ್ಲ. ಒಂದು ದಿನ ಎರಡು ಮೂರು ಗಂಟೆಗೊಮ್ಮೆ ನೋಡಿ.

ರಕ್ತ ಒಂದು ಹೇಳುತ್ತದೆ, ಮೂತ್ರ ಇನ್ನೊಂದು

ಬೆಕ್ಕಿನ ರಕ್ತದಲ್ಲಿ ಶುಗರ್ 250-300ರ ಹತ್ತಿರ ಹೋದ ಮೇಲಷ್ಟೇ ಮೂತ್ರಕ್ಕೆ ಬರುತ್ತದೆ. ಮೂತ್ರದ ಸ್ಟ್ರಿಪ್‌ನಲ್ಲಿ ಸಕ್ಕರೆ ಇಲ್ಲ ಅಂದರೆ ಶುಗರ್ ಸರಿ ಇದೆ ಎಂದಲ್ಲ, ಆ ಗಡಿ ದಾಟಿಲ್ಲ ಎಂದಷ್ಟೇ. ಬೆಕ್ಕು 200ರಲ್ಲಿ ವಾರಗಟ್ಟಲೆ ಕೂತಿದ್ದರೂ ಸ್ಟ್ರಿಪ್ ಸುಮ್ಮನಿರುತ್ತದೆ. ಮೂತ್ರ ಒಂದನ್ನೇ ನಂಬಿದರೆ ಮರಳುವಿಕೆ ತಡವಾಗಿ ಗೊತ್ತಾಗುತ್ತದೆ. ಕಿವಿ ಮುಟ್ಟಲು ಬಿಡದ ಬೆಕ್ಕಿಗೆ ಇದೇ ದಾರಿ ಎಂದಾದರೆ ವಾರಕ್ಕೆ ಎರಡು ಸಲ ಮೂತ್ರ ನೋಡಿ, ಜೊತೆಗೆ ನಿಯಮಿತವಾಗಿ ಫ್ರಕ್ಟೋಸಮಿನ್ ಮಾಡಿಸಿ.

ರಕ್ತದಲ್ಲಿ 110, ಮೂತ್ರದಲ್ಲಿ ಸಕ್ಕರೆ? ಮೂತ್ರ ಗಂಟೆಗಳಿಂದ ಸೇರಿಕೊಂಡಿರುತ್ತದೆ, ಆ ಹೊತ್ತಲ್ಲಿ ಎಲ್ಲೋ ಒಮ್ಮೆ ಶುಗರ್ ಏರಿರಬೇಕು. ಅಥವಾ ಬೆಕ್ಕು ಮೂತ್ರ ಮಾಡುವ ಟ್ರೇಯನ್ನು ಬ್ಲೀಚ್ ಹಾಕಿ ತೊಳೆದಿದ್ದೀರಿ. ಬ್ಲೀಚ್‌ನ ಉಳಿಕೆ ಸ್ಟ್ರಿಪ್‌ನಲ್ಲಿ ಸುಳ್ಳು ಬಣ್ಣ ತರುತ್ತದೆ. ಅಪರೂಪಕ್ಕೆ ಕಿಡ್ನಿಯ ನಾಳಗಳ ತೊಂದರೆಯೂ ಕಾರಣ.

ಬೆಕ್ಕು ಇನ್ಸುಲಿನ್ ಬದಲು ಬೆಕ್ಸಾಗ್ಲಿಫ್ಲೋಜಿನ್ ಅಥವಾ ವೆಲಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಿದ್ದರೆ ಇಲ್ಲಿನ ಲೆಕ್ಕವೇ ಬೇರೆ. ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ಒಪ್ಪಿಗೆ ಪಡೆದ ಈ ಔಷಧಿಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುತ್ತವೆ. ಮೂತ್ರದಲ್ಲಿ ಸಕ್ಕರೆ ಯಾವಾಗಲೂ ಇರುತ್ತದೆ. ರಕ್ತದ ಶುಗರ್ ಸರಿ ಇರುವಾಗಲೇ ಕೀಟೋಅಸಿಡೋಸಿಸ್ ಆಗಬಹುದು. ಆ ಬೆಕ್ಕಿಗೆ ಕೀಟೋನ್ ಪರೀಕ್ಷೆಯೇ ಮುಖ್ಯ. ಅದು ರೆಮಿಷನ್ ಕೂಡ ಅಲ್ಲ. ಮೊದಲು ಇನ್ಸುಲಿನ್ ಪಡೆದಿದ್ದ ಬೆಕ್ಕಿಗೆ ಇವನ್ನು ಕೊಡಬಾರದೆಂದು ಅವುಗಳ ಅಮೆರಿಕದ ಲೇಬಲ್ಲೇ ಹೇಳುತ್ತದೆ.

ಅಂಕಿ ತೀರಾ ಕಡಿಮೆ ಬಂತು

ಇನ್ಸುಲಿನ್ ಇಲ್ಲದ, ಆಟವಾಡುತ್ತಿರುವ ಬೆಕ್ಕಿನಲ್ಲಿ ಮನುಷ್ಯರ ಮೀಟರ್ 55 ತೋರಿಸಿದರೆ ಹೆದರಬೇಕಿಲ್ಲ. ಮೇದೋಜೀರಕ ತಾನೇ ಕೆಲಸ ಮಾಡುತ್ತಿದೆ. 40ರ ಕೆಳಗೆ ಬಂದರೆ ಹೊಸ ಸ್ಟ್ರಿಪ್‌ನಲ್ಲಿ ಮತ್ತೆ ನೋಡಿ. ಮತ್ತೂ ಅಷ್ಟೇ ಬಂದರೆ ಮನೆಯಲ್ಲಿ ಯಾರಾದರೂ ಹಳೆಯ ಅಭ್ಯಾಸದಿಂದ ಇಂಜೆಕ್ಷನ್ ಕೊಟ್ಟಿದ್ದಾರಾ ಕೇಳಿ. ತೂರಾಡುತ್ತಿದ್ದರೆ, ಬಿದ್ದರೆ, ಫಿಟ್ಸ್ ಬಂದರೆ ಒಂದಿಷ್ಟು ಸಕ್ಕರೆ ಪಾಕವನ್ನು ವಸಡಿಗೆ ಸವರಿ ನೇರ ಆಸ್ಪತ್ರೆಗೆ ಹೋಗಿ. ಫಿಟ್ಸ್ ಬರುತ್ತಿರುವಾಗ ಬಾಯಿಗೆ ಬೆರಳು ಹಾಕಬೇಡಿ.

ಸೆನ್ಸರ್ ಹಾಕಿದ್ದರೆ

ಮೈಗೆ ಅಂಟಿಸಿ ಹಗಲೂ ರಾತ್ರಿ ಶುಗರ್ ಅಳೆಯುವ, ಮನುಷ್ಯರಿಗೆಂದು ಮಾಡಿದ ಫ್ರೀಸ್ಟೈಲ್ ಲಿಬ್ರೆಯಂಥ ಸೆನ್ಸರ್‌ಗಳನ್ನು ಬೆಕ್ಕುಗಳಿಗೂ ಹಾಕುತ್ತಾರೆ. 14 ದಿನ ಬರಬೇಕು, ಬೆಕ್ಕಿನ ಮೈಮೇಲೆ ಬಹಳ ಸಲ ಅದಕ್ಕೂ ಮೊದಲೇ ಕಳಚುತ್ತದೆ. ಅದು ಅಳೆಯುವುದು ಚರ್ಮದಡಿಯ ದ್ರವವನ್ನು, ಹಾಗಾಗಿ ರಕ್ತಕ್ಕಿಂತ ಸ್ವಲ್ಪ ಹಿಂದೆ ಓಡುತ್ತದೆ. ಬೆಕ್ಕು ಅದರ ಮೇಲೆ ಮಲಗಿದರೆ ಸುಳ್ಳು ಇಳಿಕೆ ಕಾಣುತ್ತದೆ, ಎದ್ದ ಕೂಡಲೇ ಸರಿಯಾಗುತ್ತದೆ. ಮೊದಲ ದಿನದ ಅಂಕಿಗಳನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ. ಇಷ್ಟಾದರೂ ಇನ್ಸುಲಿನ್ ನಿಲ್ಲಿಸಿದ ಮೊದಲ ಎರಡು ವಾರಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ. ಚುಚ್ಚುವುದಿಲ್ಲ, ಗಾಬರಿ ಇಲ್ಲ, ರಾತ್ರಿಯ ಅಂಕಿಯೂ ಸಿಗುತ್ತದೆ.

ಎಷ್ಟು ಸಲ ನೋಡಬೇಕು, ಯಾವಾಗ ಫೋನ್ ಮಾಡಬೇಕು

ಮೊದಲ ಎರಡು ವಾರ ದಿನಕ್ಕೊಮ್ಮೆಯಾದರೂ ನೋಡಿ, ಹೊತ್ತು ಬದಲಿಸುತ್ತಾ. ಒಂದು ದಿನ ಊಟಕ್ಕೆ ಮೊದಲು, ಇನ್ನೊಂದು ದಿನ ಊಟವಾಗಿ ಕೆಲವು ಗಂಟೆ ಕಳೆದ ಮೇಲೆ. ಮುಂದಿನ ಎರಡು ವಾರ ವಾರಕ್ಕೆ ಎರಡು ಮೂರು ಸಲ. ಆಮೇಲೆ ವಾರಕ್ಕೊಮ್ಮೆ. ಕೆಲವು ತಿಂಗಳು ಕಳೆದು ಎಲ್ಲ ನೆಟ್ಟಗಿದ್ದರೆ ತಿಂಗಳಿಗೊಮ್ಮೆ ಸಾಕು, ಆದರೆ ಅದು ಬೆಕ್ಕು ಇರುವವರೆಗೆ. ನಡುವೆ ನೀರು, ಮೂತ್ರ, ಹಸಿವು ಬದಲಾದರೆ ದಿನ ಕಾಯದೆ ಆಗಲೇ ನೋಡಿ. ಹಿಂಗಾಲು ಊರಿ, ಹಿಮ್ಮಡಿ ನೆಲಕ್ಕೆ ತಾಗಿಸಿ ನಡೆಯಲು ಶುರು ಮಾಡಿದರೂ ಅಷ್ಟೇ. ಅದು ನರಗಳಿಗೆ ಪೆಟ್ಟಾದ ಲಕ್ಷಣ.

ಪ್ರಾಣಿಗಳ ಮೀಟರ್‌ನಲ್ಲಿ, ಬೆಕ್ಕು ಆರಾಮಾಗಿರುವಾಗ, ಎರಡು ಮೂರು ದಿನ ಬೇರೆ ಬೇರೆ ಹೊತ್ತಲ್ಲಿ 180-200 ದಾಟುತ್ತಿದ್ದರೆ ಡಾಕ್ಟರಿಗೆ ಹೇಳಿ. ನಿಮ್ಮ ಡಾಕ್ಟರ್ ಬೇರೆ ಗಡಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ. ತಿಂಗಳು ಕಾದು ನೋಡೋಣ ಅನ್ನಬೇಡಿ. ಏರಿದ ಶುಗರ್ ಉಳಿದ ಜೀವಕೋಶಗಳನ್ನೂ ಕೆಡಿಸುತ್ತದೆ. ಎರಡನೇ ಸಲ ರೆಮಿಷನ್ ಸಿಗುವುದು ಮೊದಲಿಗಿಂತ ಕಷ್ಟ, ತಡ ಮಾಡಿದರೆ ಇನ್ನೂ ಕಷ್ಟ.

ಇನ್ಸುಲಿನ್ ಮತ್ತೆ ಬೇಕಾದರೆ ಡೋಸ್ ಡಾಕ್ಟರ್ ಹೇಳಬೇಕು. ಹಿಂದೆ 3 ಯುನಿಟ್ ಕೊಡುತ್ತಿದ್ದೆವು ಎಂದು ಅದನ್ನೇ ಕೊಟ್ಟರೆ ಈಗಿನ ಬೆಕ್ಕಿಗೆ ಅದು ಅತಿಯಾಗಬಹುದು. ಫ್ರಿಜ್‌ನಲ್ಲಿ ತಿಂಗಳುಗಟ್ಟಲೆ ಉಳಿದಿದ್ದ ಹಳೆಯ ಬಾಟಲಿಯನ್ನೂ ಎಸೆಯಿರಿ.

ಫೋನ್ ಮಾಡುವ ಮೊದಲು ಇಷ್ಟು ಕೈಯಲ್ಲಿರಲಿ: ಕಳೆದ ಎರಡು ವಾರದ ಅಂಕಿಗಳು, ಹೊತ್ತು ಸಮೇತ, ಯಾವ ಮೀಟರ್, ಈ ವಾರದ ಮತ್ತು ಹಿಂದಿನ ತಿಂಗಳ ತೂಕ, ದಿನದ ನೀರಿನ ಅಳತೆ, ಆಹಾರದ ಡಬ್ಬಿಯ ಹಿಂಬದಿಯ ಫೋಟೋ, ಎರಡು ತಿಂಗಳಲ್ಲಿ ಕೊಟ್ಟ ಎಲ್ಲ ಔಷಧಿಗಳು, ಕಿವಿಯ ಡ್ರಾಪ್ಸ್ ಸೇರಿ, ಕೀಟೋನ್ ನೋಡಿದ್ದರೆ ಅದರ ಫಲಿತಾಂಶ.